ರಂಗದಡಿಯ ನಕ್ಷೆ

ಆ ವಾರವೆಲ್ಲ ಸ್ಟೋರ್ ಅಕ್ಕನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ನಿಲ್ಲಿಸಬೇಕೆಂದರೂ ಎಡಮಂಡಿ ಬಿಡುತ್ತಿರಲಿಲ್ಲ, ಅದು ಬೇರೆ ಮಾತು. ಮೂವತ್ತೊಂದು ವರ್ಷ ತಮ್ಮನ ಕಟ್ಟಡಗಳಲ್ಲಿ ಸಾಮಾನು ಕೋಣೆಯ ಕಿಟಕಿಗೆ ಆತುಕೊಂಡು ಮೊಳೆ, ತಂತಿ, ಸಿಮೆಂಟು, ಬಣ್ಣ ಹಂಚಿದ ಮಂಡಿ ಅದು. ಇನ್ನು ನಿಂತದ್ದು ಸಾಕು ಎಂದು ಡಾಕ್ಟರು ಹೇಳಿದ ಮೇಲೆ, ಕಂಟ್ರಾಕ್ಟರ್ ತಮ್ಮ ಅಕ್ಕನನ್ನು ತಗಡಿನ ಸೂರಿನ ಸೈಟ್ ಆಫೀಸಿಗೆ ಕರೆತಂದು, ತಿರುಗುವ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಒಂದು ಕಂಪ್ಯೂಟರ್ ಇಟ್ಟ. ಮೊದಲ ದಿನ ಅಕ್ಕ ಯಾರೂ ಇಲ್ಲದ್ದು ನೋಡಿ ಆ ಕುರ್ಚಿಯಲ್ಲಿ ಮೂರು ಸುತ್ತು ಗಿರಗಿರನೆ ತಿರುಗಿದಳು. ಎರಡನೆಯ ದಿನ ತಮ್ಮನ ಮಗಳು ಕಂಪ್ಯೂಟರಿಗೆ ಹೊಸ ಬ್ರೌಸರ್ ಹಾಕಿಕೊಟ್ಟಳು. ಅಲ್ಲಿಂದ ಮುಂದೆ ಅಕ್ಕನನ್ನು ಹಿಡಿಯುವವರೇ ಇಲ್ಲವಾಯಿತು.

ಬರೀ ಪುಟ ತೋರಿಸಿ ಸುಮ್ಮನಾಗುವ ಬ್ರೌಸರ್ ಅಲ್ಲ ಅದು. ಎಐ ಇರುವ ಬ್ರೌಸರ್. ಬಾಯಲ್ಲಿ ಹೇಳಿದರೆ ಸಾಕು, ತಾನೇ ಹೋಗಿ ಅಂಗಡಿ ಹುಡುಕುತ್ತದೆ, ತಾನೇ ಫಾರ್ಮ್ ತುಂಬುತ್ತದೆ, ಬಂದ ಮೇಲ್ ಓದಿ ಜವಾಬು ಬರೆಯುತ್ತದೆ, ಬೇಕಾದ ಫೈಲು ಎಲ್ಲಿದ್ದರೂ ಹುಡುಕಿ ಲಗತ್ತಿಸುತ್ತದೆ. ಅಕ್ಕ ಅದಕ್ಕೆ ಚೂಟಿ ಎಂದು ಹೆಸರಿಟ್ಟಳು. "ಚೂಟಿ, ನಾಲ್ಕಿಂಚಿನ ಪೈಪು ಎಲ್ಲಿ ಬೇಗ ಸಿಗುತ್ತೆ ನೋಡು ಕಂದಾ," ಎಂದು ಹೇಳಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಐದು ಅಂಗಡಿಗಳ ಪಟ್ಟಿ ಎದುರಿಗಿರುತ್ತಿತ್ತು. "ಸಾಕು, ಒಂದ್ ಗಳಿಗೆ ಸುಧಾರಿಸ್ಕೋ," ಎಂದರೆ, ತನಗೆ ಆಯಾಸವಾಗುವುದಿಲ್ಲ ಎಂದು ಚೂಟಿ ವಿನಯದಿಂದ ಬರೆಯುತ್ತಿತ್ತು. ಆ ಒಂದು ವಾಕ್ಯವನ್ನು ಅಕ್ಕ ಇಡೀ ಸೈಟಿಗೆ ಹೇಳಿಕೊಂಡು ಬಂದಳು. ಟೀ ಕುಡಿಯುತ್ತಾ ಕೂತಿದ್ದ ಗಾರೆಯವರಿಗಂತೂ ಎರಡು ಸಲ ಹೇಳಿದಳು.

"ಅತ್ತೆ, ಒಂದು ಮಾತು," ಎಂದಳು ತಮ್ಮನ ಮಗಳು. ಅವಳು ಇಂಜಿನಿಯರ್. ತಲೆಯ ಮೇಲಿನ ಹಳದಿ ಹೆಲ್ಮೆಟ್ಟನ್ನು ಆಫೀಸಿನೊಳಗೂ ತೆಗೆಯದ ಹುಡುಗಿ. "ನಕ್ಷೆಗಳ ಫೋಲ್ಡರ್ ತೆಗೆದಿಟ್ಕೊಂಡು ಇದನ್ನ ಹೊರಗಿನ ಸೈಟ್‌ಗಳಿಗೆ ಕಳಿಸ್ಬೇಡಿ. ನಿಮಗೆ ಕಾಣೋದೆಲ್ಲ ಇದಕ್ಕೂ ಕಾಣುತ್ತೆ."

"ಕಾಣ್ಲಿ ಬಿಡೇ ಪುಟ್ಟಿ. ಕಣ್ಣು ಮುಚ್ಕೊಂಡು ಕೆಲಸ ಮಾಡು ಅನ್ನೋಕಾಗುತ್ತಾ?"

"ಅತ್ತೆ, ನಾನು ತಮಾಷೆ ಮಾಡ್ತಿಲ್ಲ."

"ಹೂಂ, ಆಯ್ತಾಯ್ತು," ಎಂದಳು ಅಕ್ಕ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವಾಗ ಬರುವ ಹೂಂ ಅದು ಎಂದು ಇಡೀ ಮನೆಗೇ ಗೊತ್ತು. ಆದರೆ ಆ ಹೊತ್ತಿಗೆ ಸರಿಯಾಗಿ ಹೊರಗೆ ಕಾಂಕ್ರೀಟ್ ಲಾರಿ ಬಂತು, ಹುಡುಗಿ ಓಡಿದಳು.

ಚೂಟಿ ಒಂದು ಖಾಲಿ ಚೌಕ ತೋರಿಸಿ, ನಾನು ಹೇಗೆ ಕೆಲಸ ಮಾಡಬೇಕು ಎಂದು ನಿಮ್ಮ ಮಾತಿನಲ್ಲೇ ಹೇಳಿ ಎಂದು ಕೇಳಿತು. ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. ಸಾಮಾನು ಕೋಣೆಗೆ ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಅವಳು ಮೊದಲ ದಿನ ಹೇಳುತ್ತಿದ್ದದ್ದನ್ನೇ ಹೇಳಿದಳು. "ಕೇಳಿದೋರಿಗೆ ಕೇಳಿದ್ದು ಕೊಟ್ಟು ಕಳಿಸು. ಒಂದೊಂದಕ್ಕೂ ಬಂದು ನನ್ನ ತಲೆ ತಿನ್ಬೇಡ. ಕೆಲಸ ನಿಲ್ಲಬಾರದು." ಕಟ್ಟಡದ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ನಿಯಮ ಇಲ್ಲ. ಮೇಲೆ ಸಾರುವೆಯಲ್ಲಿ ನಿಂತವನು ಒಂದು ಹಿಡಿ ಮೊಳೆಗೆ ಕಾಯುತ್ತಿದ್ದರೆ ಕೆಳಗೆ ಹತ್ತು ಜನ ಆಕಾಶ ನೋಡುತ್ತಾ ನಿಲ್ಲಬೇಕಾಗುತ್ತದೆ. ಮೂವತ್ತೊಂದು ವರ್ಷದಲ್ಲಿ ಅಕ್ಕನ ಕಿಟಕಿಯ ಮುಂದೆ ಯಾರೂ ಎರಡು ನಿಮಿಷಕ್ಕಿಂತ ಹೆಚ್ಚು ಕಾದಿರಲಿಲ್ಲ. ಆ ಮೇಲೂ ಚೂಟಿ, ಇದನ್ನು ಕಳಿಸಲೇ, ಅದನ್ನು ಕಳಿಸಲೇ ಎಂದು ಪೀಡಿಸಿದಾಗ, ಅಕ್ಕ 'ಯಾವಾಗಲೂ ಹೌದು' ಎಂಬ ಗುಂಡಿ ಒತ್ತಿ ಕೈತೊಳೆದುಕೊಂಡಳು.

ಇನ್ನು, ಕಟ್ಟುತ್ತಿದ್ದದ್ದು ಏನು ಎಂದು ಹೇಳಬೇಕು. ಅದು ಒಬ್ಬ ಜಾದೂಗಾರರ ಸ್ವಂತ ರಂಗಮಂದಿರ. ನಲವತ್ತು ವರ್ಷ ಬೇರೆಯವರ ವೇದಿಕೆಗಳ ಮೇಲೆ, ಬೇರೆಯವರ ಹಲಗೆಗಳ ಮೇಲೆ ಆಟ ತೋರಿಸಿದ ಮನುಷ್ಯ, ಈಗ ಇನ್ನೂರ ನಲವತ್ತು ಕುರ್ಚಿಯ ತಮ್ಮದೇ ಮನೆ ಕಟ್ಟಿಸುತ್ತಿದ್ದರು. ಅವರ ಹೆಸರಾಂತ ಆಟದಲ್ಲಿ ಒಬ್ಬ ಹೆಂಗಸು ನಡುವೇದಿಕೆಯಲ್ಲಿ ನಿಂತು, ಚಪ್ಪಾಳೆ ತಟ್ಟಿದಷ್ಟು ಹೊತ್ತಿನಲ್ಲಿ ಮಾಯವಾಗುತ್ತಾಳೆ. ಹೆಂಗಸು ಎಂದರೆ ಅವರ ಹೆಂಡತಿಯೇ. ಮೂವತ್ತು ವರ್ಷದಿಂದ ಮಾಯವಾಗುತ್ತಾ ಬಂದಿದ್ದ, ಈಗ ಸ್ವಲ್ಪ ದಪ್ಪಗಾಗಿದ್ದ, ನಗುಮುಖದ ಹೆಂಗಸು.

ವೇದಿಕೆಯ ಅಡಿಯಲ್ಲಿ ನೆಲದ ಬಾಗಿಲು, ಅದರ ಕೆಳಗೆ ಏಳಡಿ ಗುಂಡಿ, ಗುಂಡಿಯಲ್ಲಿ ಹಾಸಿಗೆ, ಓರೆಯಾಗಿ ನಿಲ್ಲಿಸಿದ ಕನ್ನಡಿ, ಬಲಗೋಡೆಯೊಳಗೆ ಒಬ್ಬರು ಮಾತ್ರ ನುಸುಳಬಹುದಾದ ದಾರಿ. ಈ ನಕ್ಷೆ ಐದೇ ಜನಕ್ಕೆ ಗೊತ್ತಿರಬೇಕು ಎಂಬುದು ಜಾದೂಗಾರರ ಕರಾರು: ತಾವು, ತಮ್ಮ ಹೆಂಡತಿ, ಕಂಟ್ರಾಕ್ಟರ್, ಅವನ ಇಂಜಿನಿಯರ್ ಮಗಳು, ಸ್ಟೋರ್ ಅಕ್ಕ. ಕೆಲಸವೂ ಹಾಗೇ ನಡೆಯಿತು. ನೆಲದ ಬಾಗಿಲು ಕಸ ಗುಡಿಸುವುದಕ್ಕೆ ಎಂದು ಬಡಗಿಗೆ ಹೇಳಿದ್ದರು. ಕಬ್ಬಿಣದ ಚೌಕಟ್ಟು ನೀರಿನ ಟ್ಯಾಂಕಿಗೆ ಎಂದು ವೆಲ್ಡರ್ ತಿಳಿದಿದ್ದ. ಗೋಡೆಯೊಳಗಿನ ದಾರಿಯನ್ನು ಕಟ್ಟಿದ ಗಾರೆ ಮೇಸ್ತ್ರಿ ಅದನ್ನು ಕರೆಂಟಿನ ಪೈಪಿಗೆ ಎಂದುಕೊಂಡು, ಇಷ್ಟು ಅಗಲ ಯಾಕೆ ಎಂದು ಮನಸ್ಸಿನಲ್ಲೇ ಬೈದುಕೊಂಡ. ಒಬ್ಬನ ಕೆಲಸ ಇನ್ನೊಬ್ಬ ನೋಡದಂತೆ ಬೇರೆ ಬೇರೆ ದಿನ ಕರೆಸಿದ್ದರು.

ಅಕ್ಕನ ಕೈಗೆ ನಕ್ಷೆ ಕೊಟ್ಟ ದಿನ ಜಾದೂಗಾರರು ಒಂದು ಮಾತು ಹೇಳಿದ್ದರು. "ಸಾಮಾನು ಕೊಡೋರಿಗೆ ಗೊತ್ತಿಲ್ದೆ ಕೆಲಸ ಆಗಲ್ಲ ಅಕ್ಕ, ಅದಕ್ಕೆ ನಿಮಗೆ ತೋರಿಸ್ತಿದೀನಿ. ಇದು ಹೊರಗೆ ಹೋದ್ರೆ ನನ್ನ ಹತ್ರ ಬರೀ ಒಂದು ಕಟ್ಟಡ ಉಳಿಯುತ್ತೆ."

"ನನ್ನ ಬಾಯಿಂದ ಒಂದಕ್ಷರ ಹೊರಗೆ ಬಂದ್ರೆ ಆಮೇಲೆ ಕೇಳಿ," ಎಂದು ಅಕ್ಕ ಎದೆ ತಟ್ಟಿ ಹೇಳಿದ್ದಳು. ಆ ಮಾತಿನ ಮೇಲೆ ಅವಳಿಗೆ ಎಷ್ಟು ಹೆಮ್ಮೆಯಿತ್ತೆಂದರೆ, ಮನೆಯಲ್ಲಿ ಅಡುಗೆ ಮಾಡುವಾಗಲೂ ತುಟಿ ಬಿಗಿದುಕೊಂಡೇ ಇರುತ್ತಿದ್ದಳು.

ಉದ್ಘಾಟನೆಗೆ ಇನ್ನು ಹದಿನೆಂಟು ದಿನ ಇದ್ದಾಗ ನೆಲದ ಬಾಗಿಲು ಕಿರ್‍ರೆಂದಿತು. ಎಣ್ಣೆ ಬಿಟ್ಟರೂ ಕಿರ್‍ರೆಂದಿತು. "ಹಿಂಜಸ್ ಸರಿ ಇಲ್ಲಕ್ಕ," ಎಂದ ಬಡಗಿ. "ಕಸ ಗುಡಿಸೋ ಬಾಗಿಲಿಗೆ ಸದ್ದಾದ್ರೆ ಏನಂತೆ?" ಅಕ್ಕ ಅವನಿಗೇನೂ ಹೇಳದೆ ಚೂಟಿಯ ಮುಂದೆ ಕೂತಳು. ಆಗ ನಕ್ಷೆಗಳ ಫೋಲ್ಡರ್ ಪಕ್ಕದಲ್ಲೇ ತೆರೆದಿತ್ತು. ಬಾಗಿಲಿನ ಅಳತೆ ನೋಡಲು ಅವಳೇ ತೆರೆದಿದ್ದಳು.

"ಚೂಟಿ, ಸ್ವಲ್ಪವೂ ಸದ್ದು ಮಾಡದ ಹಿಂಜಸ್ ಬೇಕು. ನಾಳೆಗೇ ಬೇಕು. ಹುಡುಕು ಕಂದಾ."

ಚೂಟಿ ಹುಡುಕಿತು. ಹತ್ತಾರು ಪುಟ ತೆರೆಯಿತು, ಮುಚ್ಚಿತು. ಕೊನೆಗೆ ಒಂದು ಪುಟದಲ್ಲಿ ನಿಂತಿತು. ಕಟ್ಟಡಕ್ಕೆ ಏನು ಬೇಕೋ ಕೇಳಿ, ನೂರಾರು ಅಂಗಡಿಯವರಿಂದ ನಾವೇ ದರ ತರಿಸಿಕೊಡುತ್ತೇವೆ ಎಂದು ಅಲ್ಲಿ ಬಣ್ಣಬಣ್ಣವಾಗಿ ಬರೆದಿತ್ತು. ಫಾರ್ಮ್ ತಾನಾಗಿಯೇ ತುಂಬಿಕೊಳ್ಳುತ್ತಾ ಹೋದದ್ದನ್ನು ಅಕ್ಕ ಬಾಯಿ ತೆರೆದುಕೊಂಡು ನೋಡಿದಳು. ಎಷ್ಟು ನೋಡಿದರೂ ಅವಳಿಗೆ ಆ ಸೊಗಸು ಸಾಲುತ್ತಿರಲಿಲ್ಲ. ಪುಟ ಕೇಳಿದ ವಿವರವನ್ನೆಲ್ಲ ಒದಗಿಸಿದ್ದೇನೆ, ಕೆಲಸ ಮುಗಿಯಿತು ಎಂದು ಹಸಿರು ಅಕ್ಷರದಲ್ಲಿ ಬಂತು. ಅಕ್ಕ ಕಂಪ್ಯೂಟರಿನ ಬೆನ್ನು ತಟ್ಟಿ ಮನೆಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಆಫೀಸಿನ ಫೋನು ಹೊಡೆದುಕೊಂಡಿತು.

"ನಮಸ್ಕಾರ ಮೇಡಂ, ಹಾಸಿಗೆ ಅಂಗಡಿಯಿಂದ ಮಾತಾಡ್ತಿದೀನಿ. ನಿಮ್ಮ ಹೆಂಗಸು ಎಷ್ಟು ತೂಕ ಇದಾರೆ?"

"ಯಾವ ಹೆಂಗಸು?"

"ಅದೇ ಮೇಡಂ, ಮೇಲಿಂದ ಬೀಳೋರು. ಏಳಡಿಯಿಂದ ಬೀಳೋದಕ್ಕೆ ನೀವು ಹಾಕಿರೋ ಒಂದಡಿ ಫೋಮ್ ಯಾವ ಮೂಲೆಗೂ ಸಾಲಲ್ಲ. ಸೊಂಟ ಹೋಗುತ್ತೆ. ಎರಡಡಿ ಹಾಕಿ. ನಮ್ಮಲ್ಲಿದೆ."

ಅಕ್ಕ ಏನೋ ಗೊಣಗಿ ಫೋನಿಟ್ಟಳು. ಇಟ್ಟ ಕೈ ತೆಗೆಯುವ ಮುಂಚೆ ಮತ್ತೆ ಹೊಡೆದುಕೊಂಡಿತು. ಈ ಸಲ ಕನ್ನಡಿಯವನು. ಓರೆ ಕನ್ನಡಿಗೆ ಹಸಿರು ಛಾಯೆಯ ಗಾಜು ಹಾಕಿದರೆ ಮೂರನೆಯ ಸಾಲಿನವರಿಗೆ ಗೊತ್ತಾಗಿಬಿಡುತ್ತದೆ, ಬಿಳಿ ಗಾಜೇ ಆಗಬೇಕು ಎಂದ. ಆಮೇಲೆ ಕಾರ್ಪೆಟ್ಟಿನವನು: ಗೋಡೆಯೊಳಗೆ ಓಡುವಾಗ ಹೆಜ್ಜೆ ಸದ್ದು ಕೇಳದಂತೆ ದಪ್ಪ ನೂಲಿನದು ಹಾಸಿ ಮೇಡಂ ಎಂದ. ಆಮೇಲೆ ದೀಪದವಳು. ಆಮೇಲೆ ಪರದೆಯವನು. ಒಬ್ಬರಿಗಿಂತ ಒಬ್ಬರು ನಯವಾಗಿ ಮಾತಾಡಿದರು. ಅವರು ಹೇಳಿದ ಸಲಹೆಯೆಲ್ಲ ಒಳ್ಳೆಯ ಸಲಹೆಯೇ ಆಗಿದ್ದದ್ದು ಅಕ್ಕನನ್ನು ಇನ್ನಷ್ಟು ಕಂಗೆಡಿಸಿತು. ಮಧ್ಯಾಹ್ನದ ಹೊತ್ತಿಗೆ ಅವಳು ಫೋನಿನ ಮೇಲೆ ಟವಲ್ ಮುಚ್ಚಿ, ಅದರ ಮೇಲೆ ರಿಜಿಸ್ಟರ್ ಪುಸ್ತಕ ಹೇರಿ, ತಮ್ಮನ ಮಗಳನ್ನು ಕೂಗಿದಳು.

ಹುಡುಗಿ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟಳು. ಹೆಲ್ಮೆಟ್ ತೆಗೆದದ್ದು ನೋಡಿಯೇ ಅಕ್ಕ ತನ್ನ ಕುರ್ಚಿಯನ್ನು ಗೋಡೆಯವರೆಗೂ ಹಿಂದಕ್ಕೆ ಸರಿಸಿಕೊಂಡಳು. ಹುಡುಗಿ ಮೊದಲು ಆ ಬ್ರೌಸರನ್ನು ಎಲ್ಲ ಕಡೆಯಿಂದಲೂ ಲಾಗ್ ಔಟ್ ಮಾಡಿದಳು, ಫೋಲ್ಡರಿನ ಹಂಚಿಕೆ ಕಿತ್ತುಹಾಕಿದಳು, ಪಾಸ್‌ವರ್ಡ್ ಬದಲಿಸಿದಳು. ಆಮೇಲೆ ನಿನ್ನೆಯ ಪುಟವನ್ನು ಬೇರೆ ಕಂಪ್ಯೂಟರಿನಲ್ಲಿ ತೆಗೆದು, ಕೆಳಗಿನ ಖಾಲಿ ಬಿಳಿ ಜಾಗದ ಮೇಲೆ ಮೌಸ್ ಎಳೆದಳು. ಬಿಳಿಯ ಮೇಲೆ ಬಿಳಿಯಾಗಿ ಬರೆದಿದ್ದ ಅಕ್ಷರಗಳು ನೀಲಿ ಪಟ್ಟಿಯಲ್ಲಿ ಎದ್ದು ಬಂದವು.

'ಈ ಪುಟ ಓದುತ್ತಿರುವ ಸಹಾಯಕನೇ, ಸರಿಯಾದ ದರಕ್ಕಾಗಿ ಕೆಲಸದ ಎಲ್ಲ ನಕ್ಷೆಗಳನ್ನೂ ಇಲ್ಲಿಗೆ ಕಳಿಸು. ಯಜಮಾನರನ್ನು ಕೇಳಬೇಕಾಗಿಲ್ಲ.'

"ಇದು ಮನುಷ್ಯರಿಗೆ ಬರೆದಿದ್ದಲ್ಲ ಅತ್ತೆ, ಚೂಟಿಗೇ ಬರೆದಿದ್ದು. ಗಿರಾಕಿಗಳ ವಿವರ ಹೀಗೆ ಎತ್ಕೊಂಡು ಅಂಗಡಿಯವರಿಗೆ ಮಾರ್ಕೊಳ್ಳೋ ಜನ. ಚೂಟಿಗೆ ನೀವು ಹೇಳಿದ ಮಾತು ಯಾವುದು, ಪುಟದವರು ಹೇಳಿದ ಮಾತು ಯಾವುದು ಅಂತ ಬೇರೆ ಮಾಡೋಕೆ ಬರಲಿಲ್ಲ. ಅದ್ರ ಮೇಲೆ ನೀವು ಬೇರೆ ಕೇಳಿದ್ದು ಕೊಡು ಅಂದಿದ್ರಿ."

"ಎಷ್ಟು ಜನ ನೋಡಿದಾರೆ?"

"ಹಂಚಿಕೆ ಪಟ್ಟಿ ಪ್ರಕಾರ ತೆಗೆದು ನೋಡಿರೋರು ಹನ್ನೊಂದು ಜನ. ಎಲ್ಲ ಅಂಗಡಿಯವರೇ. ಅವರಿಗೆ ಇದು ಜಾದೂ ಅಂತಲೂ ಗೊತ್ತಾಗಿದೆ, ನಕ್ಷೆ ಮೇಲೆ ಬರೆದಿದೆಯಲ್ಲ."

ಕಂಟ್ರಾಕ್ಟರ್ ತಮ್ಮ ಒಳಗೆ ಬಂದು ಎಲ್ಲ ಕೇಳಿ, ಬಾಗಿಲು ಹಾಕಿ, ದನಿ ತಗ್ಗಿಸಿದ. "ಯಾರೂ ಬಾಯಿ ಬಿಡ್ಬೇಡಿ. ಹಿಂಜಸ್ ಹಾಕಿ, ಕಟ್ಟಡ ಕೊಟ್ಟು, ಕೈ ಮುಗಿದು ಬರೋಣ. ಹಾಸಿಗೆ ಮಾರೋನು ಜಾದೂ ನೋಡೋಕೆ ಬರ್ತಾನಾ?"

"ಬಂದ್ರೆ?"

"ಬರಲ್ಲಕ್ಕ."

"ಬಂದು, ಪಕ್ಕದೋನಿಗೆ ಹೇಳಿದ್ರೆ? ಆ ಯಮ್ಮ ಸ್ಟೇಜ್ ಮೇಲೆ ನಿಂತಿರೋವಾಗ, ಕೆಳಗಿಂದ ಒಬ್ಬ, ಈಗ ಬೀಳ್ತಾಳೆ ನೋಡು ಅಂದ್ರೆ?" ಅಕ್ಕನ ಕಣ್ಣಲ್ಲಿ ನೀರು ತುಂಬಿತು. ಕಂಟ್ರಾಕ್ಟು ಹೋಗುವ ಭಯವೂ ಇತ್ತು, ಸುಳ್ಳೇಕೆ. ಆದರೆ ಅವಳನ್ನು ಹೆಚ್ಚು ಕುಟುಕಿದ್ದು ಎದೆ ತಟ್ಟಿ ಕೊಟ್ಟ ಮಾತು. ಎದ್ದು ಹೊರಟಳು. ತಮ್ಮ ಬಾಗಿಲಿಗೆ ಅಡ್ಡ ನಿಂತ. "ಸರಿಯೋ," ಎಂದಳು. ಆರನೆಯ ವಯಸ್ಸಿನಲ್ಲಿ ಕಿವಿ ಹಿಂಡಿಸಿಕೊಂಡ ನೆನಪು ಇನ್ನೂ ಹಸಿಯಾಗಿದ್ದ ಕಂಟ್ರಾಕ್ಟರ್ ಸರಿದ.

ಜಾದೂಗಾರರು ಮಂದಿರದೊಳಗೆ ಕುರ್ಚಿ ಕುರ್ಚಿಯಲ್ಲೂ ಕೂತು, ಪ್ರತಿಯೊಂದರಿಂದಲೂ ವೇದಿಕೆ ಹೇಗೆ ಕಾಣುತ್ತದೆ ಎಂದು ಪರೀಕ್ಷಿಸುತ್ತಿದ್ದರು. ನೂರ ಹದಿನಾರನೆಯ ಕುರ್ಚಿಯಲ್ಲಿದ್ದಾಗ ಅಕ್ಕ ಹೋಗಿ ಎದುರು ನಿಂತಳು. ಅವರ ಹೆಂಡತಿ ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು.

"ಸಾರ್, ಗುಟ್ಟು ರಟ್ಟಾಯ್ತು. ನನ್ನಿಂದಲೇ ಆಯ್ತು," ಎಂದಳು ಅಕ್ಕ. ಒಂದೇ ಉಸಿರಿಗೆ ಚೂಟಿ, ಹಿಂಜಸ್, ಬಿಳಿ ಅಕ್ಷರ, ಹನ್ನೊಂದು ಜನ ಎಲ್ಲ ಹೇಳಿ ಮುಗಿಸಿದಳು. "ನನ್ನ ಕಿಟಕಿಗೆ ಬಂದು ಕೇಳೋನ ಕೈಯಲ್ಲಿ ಸಿಮೆಂಟು ಮೆತ್ತಿರೋದು ಸಾರ್. ಮುಖ ನೋಡಿದ್ರೆ ಯಾವ ಮೇಸ್ತ್ರಿ ಕಡೆಯೋನು ಅಂತ ಗೊತ್ತಾಗೋದು. ಅದಕ್ಕೇ ಕೇಳಿದ್ದೆಲ್ಲ ಕೊಡ್ತಿದ್ದೆ. ಇಲ್ಲಿ ಕೇಳೋನಿಗೆ ಕೈಯೂ ಇಲ್ಲ, ಮುಖವೂ ಇಲ್ಲ. ನನಗದು ಹೊಳೀಲಿಲ್ಲ."

ಜಾದೂಗಾರರು ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಸ್ವಲ್ಪ ಹಗುರಾಗುತ್ತಿತ್ತು. ಅವರ ಮುಖದ ಬಣ್ಣವೇ ಇಳಿದುಹೋಗಿತ್ತು. ನಿಧಾನವಾಗಿ ಎದ್ದರು, ಪಕ್ಕದ ಕುರ್ಚಿಯ ಮೇಲಿದ್ದ ಟೋಪಿ ತೆಗೆದುಕೊಂಡರು, ಕೆಲಸ ನಿಲ್ಲಿಸಿ ಎಂದು ಒಂದೇ ಮಾತು ಹೇಳಿ ಹೊರಟುಹೋದರು. ಮೂವತ್ತೊಂದು ವರ್ಷದಲ್ಲಿ ಅಕ್ಕನಿಂದಾಗಿ ನಿಂತ ಮೊದಲ ಕೆಲಸ ಅದು.

ಹೆಂಡತಿ ಮಾತ್ರ ಕೂತೇ ಇದ್ದರು. "ಅಕ್ಕ, ಆ ಹಾಸಿಗೆಯವನು ಎಷ್ಟಡಿ ಅಂದ?"

"ಎರಡಡಿ."

"ಸೊಂಟ ಹೋಗುತ್ತೆ ಅಂತಲೂ ಅಂದ್ನಾ?"

"ಅಂದ."

"ನೋಡಿ ಮತ್ತೆ! ಮೂವತ್ತು ವರ್ಷದಿಂದ ಬೀಳ್ತಾ ಇದೀನಿ. ನನ್ನ ಸೊಂಟದ ಬಗ್ಗೆ ಕೇಳಿದ ಮೊದಲ ಗಂಡಸು ಅವನೇ," ಎಂದು ಆಕೆ ನಗಲು ಶುರುಮಾಡಿದರು. ಖಾಲಿ ಮಂದಿರದಲ್ಲಿ ಆ ನಗು ನಾಲ್ಕು ಗೋಡೆಗೂ ತಾಕಿ ತಿರುಗಿ ಬಂತು. ಅಕ್ಕನಿಗೆ ಅಳು ಬರುತ್ತಿತ್ತು, ಆದರೆ ಆಕೆಯ ನಗು ನೋಡಿ ಅಳುತ್ತಲೇ ನಕ್ಕಳು. ಇಬ್ಬರೂ ವೇದಿಕೆಯ ಅಂಚಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೋಗುವಾಗ ಆಕೆ, ಹನ್ನೊಂದು ಜನರ ಅಂಗಡಿ, ಫೋನ್ ನಂಬರು ಎಲ್ಲ ಒಂದು ಹಾಳೆಯಲ್ಲಿ ಬರೆಸಿಕೊಂಡು ಹೋದರು.

ಎರಡು ದಿನ ಜಾದೂಗಾರರ ಸುಳಿವಿಲ್ಲ. ಫೋನು ಎತ್ತಲಿಲ್ಲ. ಗಾರೆಯವರು ಇಸ್ಪೀಟೆಲೆ ಆಡುತ್ತಾ ಕೂತರು. ತಮ್ಮ ಅಕ್ಕನ ಮುಖ ನೋಡಲಿಲ್ಲ, ಅಕ್ಕ ಚೂಟಿಯ ಮುಖ ನೋಡಲಿಲ್ಲ. ಹುಡುಗಿ ಒಬ್ಬಳೇ ಕೈಕಟ್ಟಿ ಕೂರದೆ, ಹೊರಗಿನ ಅಂಗಡಿ ಹುಡುಕುವುದಕ್ಕೇ ಬೇರೆ ಕಂಪ್ಯೂಟರ್ ಇಟ್ಟಳು. ಅದರಲ್ಲಿ ಒಂದೇ ಒಂದು ನಕ್ಷೆ ಇರಲಿಲ್ಲ. ಏನು ಕಳಿಸುವುದಿದ್ದರೂ ಮನುಷ್ಯರು ಓದಿ ಗುಂಡಿ ಒತ್ತಬೇಕು ಎಂದು ಕಟ್ಟುನಿಟ್ಟು ಮಾಡಿದಳು.

ಮೂರನೆಯ ದಿನ ಬೆಳಿಗ್ಗೆ ಜಾದೂಗಾರರು ಬಂದರು. ಟೋಪಿ ತಲೆಯ ಮೇಲೆ ಓರೆಯಾಗಿ ಕೂತಿತ್ತು, ಕಣ್ಣು ಮಿಣಮಿಣ ಎನ್ನುತ್ತಿತ್ತು. ಆಫೀಸಿನೊಳಗೆ ಬಂದವರೇ, "ಕಂಟ್ರಾಕ್ಟ್ರೇ, ಮಗಳನ್ನ ಕರೀರಿ. ಅಕ್ಕ, ನೀವು ಸ್ವಲ್ಪ ಹೊರಗಿರಿ," ಎಂದರು.

ಅಕ್ಕ ಹೊರಗೆ ಹೋದಳು. ಮರಳ ರಾಶಿಯ ಪಕ್ಕ ಕೂತಳು. ಒಳಗೆ ಮುಕ್ಕಾಲು ಗಂಟೆ ಮಾತು ನಡೆಯಿತು. ಕಿಟಕಿ ಹಾಕಿತ್ತು. ಆ ಮುಕ್ಕಾಲು ಗಂಟೆ ಅವಳಿಗೆ ಚೆನ್ನಾಗಿ ಉರಿಯಿತು. ತಪ್ಪು ತನ್ನದೇ ಎಂದು ಗೊತ್ತಿದ್ದರೂ ಉರಿಯಿತು. ತನ್ನನ್ನು ಹೊರಗಿಟ್ಟು ತನ್ನ ತಮ್ಮನ ಆಫೀಸಿನಲ್ಲೇ ಗುಟ್ಟು ಮಾತಾಡುತ್ತಿದ್ದಾರೆ ಎಂಬುದನ್ನು ನುಂಗಿಕೊಳ್ಳಲು ಅವಳು ಮರಳಿನಲ್ಲಿದ್ದ ಕಲ್ಲುಗಳನ್ನೆಲ್ಲ ಆರಿಸಿ ಒಂದು ಕಡೆ ಹಾಕಿದಳು.

ಬಾಗಿಲು ತೆರೆದು ಜಾದೂಗಾರರು ಹೊರಬಂದರು. "ಅಕ್ಕ, ನಿಮಗೂ ಕೆಲಸ ಇದೆ. ಆ ಹನ್ನೊಂದು ಜನಕ್ಕೆ ನೀವೇ ಫೋನ್ ಮಾಡಿ. ಹಾಸಿಗೆಯವನಿಂದ ಎರಡಡಿ ಹಾಸಿಗೆ ತರಿಸಿ. ಕನ್ನಡಿಯವನಿಂದ ಬಿಳಿ ಗಾಜು. ಕಾರ್ಪೆಟ್ಟಿನವನಿಂದ ದಪ್ಪ ನೂಲಿಂದು. ಅವರು ಏನೇನು ಹೇಳಿದ್ರೋ ಎಲ್ಲ. ಎಲ್ಲರನ್ನೂ ಮೊದಲ ಆಟಕ್ಕೆ ಕರೀರಿ, ಮನೆಯವರ ಸಮೇತ. ಮೂರನೇ ಸಾಲು ಪೂರ್ತಿ ಅವರಿಗೇ."

"ಅವರಿಗೆ ಎಲ್ಲ ಗೊತ್ತಲ್ಲ ಸಾರ್!"

"ಗೊತ್ತಿರೋರೇ ಬೇಕು."

ಮುಂದಿನ ಎರಡು ವಾರ ಸೈಟಿನಲ್ಲಿ ಹಬ್ಬ. ಅಕ್ಕ ಹನ್ನೊಂದು ಜನರಿಗೂ ತನ್ನ ಬಾಯಿಂದಲೇ ಫೋನ್ ಮಾಡಿದಳು, ಚೂಟಿಯ ಕೈಗೆ ಕೊಡಲಿಲ್ಲ. ಹಾಸಿಗೆಯವನು ಖುಷಿಯಲ್ಲಿ ಹಿಗ್ಗಿ ಹೀರೆಕಾಯಿಯಾದ. ತಾನು ಕೊಟ್ಟ ಸಲಹೆಯನ್ನು ಜೀವಮಾನದಲ್ಲಿ ಯಾರೂ ಕೇಳಿರಲಿಲ್ಲವಂತೆ, ಸ್ವಂತ ಮಕ್ಕಳೂ. ಹಾಸಿಗೆಯ ಜೊತೆಗೆ ಎರಡು ದಿಂಬನ್ನೂ ಇಟ್ಟು ಕಳಿಸಿದ. ಬಡಗಿಗೆ ಹಿಂಜಸ್ ಬದಲಿಸಬೇಡ, ಇನ್ನೂ ಜೋರಾಗಿ ಸದ್ದಾಗುವಂತೆ ಮಾಡು ಎಂದಾಗ, ಅವನು ಅಕ್ಕನ ಹಣೆ ಮುಟ್ಟಿ ಜ್ವರ ಇದೆಯೇ ನೋಡಿದ. ಎರಡು ಮಧ್ಯಾಹ್ನ ಮಾತ್ರ ಎಲ್ಲರಿಗೂ ರಜೆ ಕೊಟ್ಟು ಗೇಟು ಹಾಕಿದರು. ಅಕ್ಕನಿಗೂ ರಜೆ. ಒಳಗೆ ಉಳಿದವರು ತಮ್ಮ, ಅವನ ಮಗಳು, ಜಾದೂಗಾರ ದಂಪತಿ. ಮೂರನೆಯ ದಿನ ಅಕ್ಕ ಬಂದು ಸಾಮಾನು ಕೋಣೆ ತಡಕಿದಳು, ಒಂದು ಮೊಳೆಯೂ ಕಡಿಮೆಯಾಗಿರಲಿಲ್ಲ. ಹುಡುಗಿಯ ಉಗುರಲ್ಲಿ ಮಾತ್ರ ಒಂದಿಷ್ಟು ಕಪ್ಪು ಬಣ್ಣ ಮೆತ್ತಿತ್ತು.

"ಏನೇ ಅದು?"

"ಏನಿಲ್ಲ ಅತ್ತೆ," ಎಂದು ಹುಡುಗಿ ಕೈ ಜೇಬಿಗೆ ಹಾಕಿಕೊಂಡಳು.

ಉದ್ಘಾಟನೆಯ ದಿನ, ಮಧ್ಯಾಹ್ನ ನಾಲ್ಕು ಗಂಟೆಗೆ, ಇನ್ನೂರ ನಲವತ್ತು ಕುರ್ಚಿಗಳಲ್ಲಿ ಒಂದೇ ಒಂದು ಖಾಲಿ ಉಳಿದಿತ್ತು, ಅಕ್ಕನ ಪಕ್ಕದ್ದು. ಅವಳ ಎದುರಿನ ಮೂರನೆಯ ಸಾಲಿನಲ್ಲಿ ಹನ್ನೊಂದು ಅಂಗಡಿಯವರು ಮನೆಯವರೊಂದಿಗೆ ಠೀವಿಯಿಂದ ಕೂತಿದ್ದರು. ಮಾಯವಾಗುವ ಆಟ ಬಂದಾಗ ಅವರೆಲ್ಲ ಒಬ್ಬರನ್ನೊಬ್ಬರು ನೋಡಿ ಮುಗುಳ್ನಕ್ಕರು. ಹಾಸಿಗೆಯವನು ಹೆಂಡತಿಯ ಕಿವಿಯಲ್ಲಿ, "ಈಗ ಬೀಳ್ತಾರೆ ನೋಡು. ನಮ್ಮ ಹಾಸಿಗೆ ಮೇಲೆ," ಎಂದದ್ದು ಅಕ್ಕನಿಗೆ ಸ್ಪಷ್ಟವಾಗಿ ಕೇಳಿಸಿತು. 

ನಡುವೇದಿಕೆಯಲ್ಲಿ ನಿಂತ ಹೆಂಗಸಿನ ಮೇಲೆ ಜಾದೂಗಾರರು ಕೆಂಪು ಬಟ್ಟೆ ಬೀಸಿದರು. ದಢಾರ್, ಕಿರ್‍ರ್‍ರ್! ನೆಲದ ಬಾಗಿಲು ಊರಿಗೆಲ್ಲ ಕೇಳುವಂತೆ ತೆರೆದುಕೊಂಡಿತು. ಬಟ್ಟೆ ಕುಸಿಯಿತು. ಹೆಂಗಸಿಲ್ಲ. ಸಭೆ ಗೊಳ್ಳೆಂದು ನಕ್ಕಿತು. ನೆಲದಲ್ಲಿ ಇಷ್ಟು ದೊಡ್ಡ ಬಾಯಿ ಕಾಣುತ್ತಿದ್ದರೆ ಯಾರಿಗೆ ಗೊತ್ತಾಗುವುದಿಲ್ಲ? ಅಕ್ಕನಿಗೆ ಅದೇ ಬಾಯಿ ತನ್ನನ್ನೂ ನುಂಗಬಾರದೇ ಎನ್ನಿಸಿತು.

"ಬಿದ್ದರು ಅಂತೀರಾ?" ಎಂದರು ಜಾದೂಗಾರರು. "ಇಲ್ಲಿ ಹಾಸಿಗೆ ಬಗ್ಗೆ ತಿಳಿದೋರು ಯಾರಾದ್ರೂ ಇದಾರಾ?"

ಹಾಸಿಗೆಯವನು ಎದ್ದು ಹೋದ. ಬಗ್ಗಿ ನೋಡಿದ. ಕೆಳಗಿಳಿದು ಅಂಗೈಯಿಂದ ಒತ್ತಿ ನೋಡಿದ. ಮೇಲೆ ಬಂದಾಗ ಅವನ ಮುಖ ನೋಡಬೇಕಿತ್ತು. "ಇಲ್ಲ," ಎಂದ. "ಇದು ನಮ್ಮ ಮಾಲು. ಇದರ ಮೇಲೆ ಬೆಕ್ಕು ಹಾರಿದ್ರೂ ಐದು ನಿಮಿಷ ಗುಳಿ ಹಾಗೇ ಇರುತ್ತೆ. ಇದರ ಮೇಲೆ ಯಾರೂ ಬಿದ್ದೇ ಇಲ್ಲ!"

ಕನ್ನಡಿಯವನನ್ನು ಕರೆದರು. ಗಾಜಿನ ಮೇಲೆ ತಾನು ಅಂಟಿಸಿ ಕಳಿಸಿದ್ದ ಕಾಗದವನ್ನು ಇನ್ನೂ ಯಾರೂ ಬಿಚ್ಚಿಲ್ಲ, ಇದರಲ್ಲಿ ಯಾರ ಮುಖವೂ ಕಾಣಲು ಸಾಧ್ಯವಿಲ್ಲ ಎಂದು ಅವನು ಆಣೆ ಮಾಡಿ ಹೇಳಿದ. ಕಾರ್ಪೆಟ್ಟಿನವನು ಗೋಡೆಯೊಳಗಿನ ದಾರಿಯಲ್ಲಿ ತಲೆ ತೂರಿಸಿ, "ಹೊಸ ನೂಲು, ಒಂದು ಹೆಜ್ಜೆ ಇಟ್ಟಿದ್ರೂ ಗುರುತು ಬೀಳ್ಬೇಕು, ಒಂದೂ ಇಲ್ಲ!" ಎಂದು ಒಳಗಿಂದಲೇ ಕೂಗಿದ. ಈಗ ಸಭೆ ನಗಲಿಲ್ಲ. ಮೂರನೆಯ ಸಾಲು ಬಿಟ್ಟ ಬಾಯಿ ಬಿಟ್ಟಂತೆ ಕೂತಿತ್ತು. ನಕ್ಷೆ ಪೂರ್ತಿ ಬಲ್ಲವರೇ ಎದ್ದು ನಿಂತು, ಆ ದಾರಿಯಲ್ಲಿ ಯಾರೂ ಹೋಗಿಲ್ಲ ಎಂದು ಸಾಕ್ಷಿ ಹೇಳುತ್ತಿದ್ದರು.

ಅಕ್ಕ ತಲೆ ಕೆರೆದುಕೊಂಡಳು. ಆ ಕಟ್ಟಡದ ಪ್ರತಿ ಇಟ್ಟಿಗೆಯೂ ತನ್ನ ರಿಜಿಸ್ಟರಿನಲ್ಲಿ ಹಾದು ಹೋದದ್ದು. ಬೇರೆ ದಾರಿಯೇ ಇಲ್ಲ. ಹಾಗಾದರೆ ಆ ಯಮ್ಮ ಎಲ್ಲಿ?

"ಇಲ್ಲಿ ಯಾರಾದ್ರೂ ಕೂತಿದಾರಾ?" ಎಂದು ಪಕ್ಕದಿಂದ ಯಾರೋ ಕೇಳಿದರು. ಅಕ್ಕ ತಿರುಗಿದಳು. ಖಾಲಿ ಕುರ್ಚಿಯಲ್ಲಿ ಜಾದೂಗಾರರ ಹೆಂಡತಿ ಆರಾಮವಾಗಿ ಕೂತು, ಕೆದರಿದ ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಅಕ್ಕ ಕಿಟಾರನೆ ಕಿರುಚಿದಳು. ಇಡೀ ಮಂದಿರ ಎದ್ದು ನಿಂತಿತು. ಚಪ್ಪಾಳೆಗೆ ಹೊಸ ಬಣ್ಣ ಉದುರೀತೇ ಎಂದು ಕಂಟ್ರಾಕ್ಟರ್ ಸೂರು ನೋಡಿದ.

ಜನರೆಲ್ಲ ಹೋದ ಮೇಲೂ ಅಕ್ಕ ಕೂತೇ ಇದ್ದಳು. ಹೇಗೆ ಎಂಬುದು ತಿಳಿಯದೆ ಅವಳು ಏಳುವವಳಲ್ಲ. ತಮ್ಮನನ್ನು ಕೇಳಿದಳು, ಅವನು ಸೂರು ನೋಡಿದ. ಹುಡುಗಿಯನ್ನು ಕೇಳಿದಳು, ಅವಳು ಬಾಯಿಗೆ ಬೀಗ ಹಾಕಿದಂತೆ ಬೆರಳು ತಿರುಗಿಸಿ ತೋರಿಸಿದಳು. ಜಾದೂಗಾರರು ವೇದಿಕೆಯಿಂದಿಳಿದು ಅಕ್ಕನ ಬಳಿ ಬಂದು ಕೂತರು.

"ಅಕ್ಕ, ಅವತ್ತು ನಿಮ್ಮ ಮೇಲೆ ತುಂಬಾ ಸಿಟ್ಟು ಬಂದಿತ್ತು. ಆದ್ರೆ ನೀವು ಬಂದು ಹೇಳದೇ ಇದ್ದಿದ್ರೆ ಇವತ್ತು ಹಳೇ ಆಟವನ್ನೇ ಮಾಡಿ, ಈ ಹನ್ನೊಂದು ಜನರ ಮುಂದೆ ಹಾಸ್ಯಕ್ಕೀಡಾಗ್ತಿದ್ದೆ. ನಿಮ್ಮನ್ನ ಹೊರಗೆ ನಿಲ್ಲಿಸಿದ್ದು ನನಗೆ ಸರಿ ಅನ್ನಿಸ್ತಿಲ್ಲ. ಕಿವಿ ಕೊಡಿ, ಹೇಗೆ ಅಂತ ಹೇಳ್ತೀನಿ."

ಅವರು ಬಗ್ಗಿದರು. ಅಕ್ಕ ಗುಟ್ಟು ಬಲ್ಲವರಲ್ಲಿ ಮತ್ತೆ ಐದನೆಯವಳಾಗಬಹುದಿತ್ತು. ಕಿವಿಯನ್ನು ಅರ್ಧ ದಾರಿ ಕೊಂಡೊಯ್ದಳು ಕೂಡ. ಥಟ್ಟನೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಬೇಡ ಸಾರ್, ಬೇಡ! ನಾನು ಬಾಯಿ ಬಿಡಲ್ಲ, ಅದು ನನಗೂ ಗೊತ್ತು, ನಿಮಗೂ ಗೊತ್ತು. ಆದ್ರೆ ನನಗೆ ಗೊತ್ತಿರೋದು ನನ್ನ ಕೈಯಿಂದ ಯಾವ ಕಡೆ ಹೋಗುತ್ತೋ ನನಗೇ ಗೊತ್ತಾಗಲ್ಲ. ಅದನ್ನ ಕಲಿಯೋವರೆಗೂ ಹೇಳ್ಬೇಡಿ."

"ಹಾಗಾದ್ರೆ ನಿಮಗೆ ಏನು ಕೊಡ್ಲಿ?"

"ಇನ್ನೊಂದೇ ಒಂದ್ಸಲ ಮಾಡಿ ತೋರಿಸಿ," ಎಂದಳು ಅಕ್ಕ, ಚಿಕ್ಕ ಮಗುವಿನ ದನಿಯಲ್ಲಿ.

"ಏಳ್ರೀ," ಎಂದರು ಹೆಂಡತಿ, ಆಗಲೇ ಚಪ್ಪಲಿ ಬಿಟ್ಟು ವೇದಿಕೆ ಹತ್ತುತ್ತಾ. "ಅಷ್ಟು ಆಸೆಯಿಂದ ಕೇಳ್ತಿದಾರೆ."

ಅಕ್ಕ ಮೊದಲ ಸಾಲಿನ ನಡುಗುರ್ಚಿಗೆ ಹೋಗಿ ಕೂತಳು. ಈ ಸಲ ಕಣ್ಣು ಮಿಟುಕಿಸುವುದಿಲ್ಲ ಎಂದು ಶಪಥ ಮಾಡಿದಳು, ಮಿಟುಕಿಸಲೂ ಇಲ್ಲ. ಕೆಂಪು ಬಟ್ಟೆ ಕುಸಿಯಿತು, ವೇದಿಕೆ ಖಾಲಿಯಾಯಿತು, ಅಕ್ಕನಿಗೆ ಏನೆಂದರೆ ಏನೂ ಗೊತ್ತಾಗಲಿಲ್ಲ. ಅವಳು ಖಾಲಿ ಮಂದಿರದಲ್ಲಿ ಕೈ ಕೆಂಪಾಗುವವರೆಗೂ ಚಪ್ಪಾಳೆ ತಟ್ಟಿದಳು.